ಸಣ್ಣ ಗಾಯ

ನೋವನ್ನು ನಾವು ಕಣ್ಣಿನಿಂದ ಅಳೆಯುತ್ತೇವೆ. ಇದು ವಿಚಿತ್ರವಾದ ಮಾತಾಗಿ ತೋರಬಹುದು. ಏಕೆಂದರೆ ನೋವು ಕಣ್ಣಿಗೆ ಕಾಣುವ ವಸ್ತುವಲ್ಲವೆಂಬುದನ್ನು ಎಲ್ಲರೂ ಬಲ್ಲರು. ಆದರೂ ನಮ್ಮ ನಡವಳಿಕೆಯನ್ನು ಸ್ವಲ್ಪ ಗಮನಿಸಿ. ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಬಸ್ಸು ಹತ್ತಿದವನಿಗೆ ನಾಲ್ಕು ಜನ ಎದ್ದು ಸ್ಥಳ ಕೊಡುತ್ತಾರೆ. ಅದೇ ಬಸ್ಸಿನಲ್ಲಿ ಸೊಂಟದ ನರ ಸೆಳೆಯುತ್ತಿರಲು ಕಂಬಿ ಹಿಡಿದು ನಿಂತವನನ್ನು ಯಾರೂ ತಿರುಗಿ ನೋಡುವುದಿಲ್ಲ. ತಲೆಗೆ ಬಿಳಿಯ ಪಟ್ಟಿ ಸುತ್ತಿಕೊಂಡು ಬಂದ ಹುಡುಗನಿಗೆ ಮನೆಮಂದಿಯೆಲ್ಲ ಉಪಚಾರ ಮಾಡುತ್ತಾರೆ, ತಲೆನೋವೆಂದು ಮಲಗಿದ ಹುಡುಗನನ್ನು, “ಯಾಕೋ, ಇವತ್ತು ಲೆಕ್ಕದ ಪರೀಕ್ಷೆಯೇನೋ?” ಎಂದು ಕೇಳುತ್ತಾರೆ. ಪಟ್ಟಿ, ಹೊಲಿಗೆ, ರಕ್ತದ ಕಲೆ ಇವೆಲ್ಲ ನೋವಿನ ಪರವಾಗಿ ನುಡಿಯುವ ಸಾಕ್ಷಿಗಳು. ಸಾಕ್ಷಿಯಿಲ್ಲದ ನೋವು ನಮ್ಮ ಮುಂದೆ ತನ್ನ ದಾವೆಯನ್ನು ಗೆಲ್ಲುವುದು ಕಷ್ಟ.

ನಮ್ಮ ಈ ಹಳೆಯ ಅಭ್ಯಾಸಕ್ಕೆ ವೈದ್ಯಶಾಸ್ತ್ರ ಈಚಿನ ದಶಕಗಳಲ್ಲಿ ಒಂದು ಹೊಸ ಪರೀಕ್ಷೆಯನ್ನು ಒಡ್ಡಿದೆ. ಕೀಹೋಲ್ ಸರ್ಜರಿ ಎಂದು ಕರೆಯುವ ಶಸ್ತ್ರಚಿಕಿತ್ಸೆಯೇ ಅದು. ಬೀಗದ ಕೈ ತೂರುವ ಕಿಂಡಿಯಷ್ಟು ಸಣ್ಣ ರಂಧ್ರದ ಮೂಲಕ ಒಳಗಿನ ದೊಡ್ಡ ಕೆಲಸವನ್ನು ಮುಗಿಸುವ ವಿದ್ಯೆ ಇದು. ಹೊರಗೆ ಕಾಣುವುದು ಅತ್ಯಲ್ಪ. ಒಳಗೆ ನಡೆದದ್ದು ಅಲ್ಪವಲ್ಲ. ಹೀಗಿರುವಾಗ, ಈ ಚಿಕಿತ್ಸೆ ಮಾಡಿಸಿಕೊಂಡವರು ಎಷ್ಟು ದಿನದಲ್ಲಿ ಚೇತರಿಸಿಕೊಳ್ಳಬೇಕೆಂದು ನಾವು ನಿರೀಕ್ಷಿಸುವುದು ನ್ಯಾಯ? ಇದು ವೈದ್ಯರಿಗೆ ಮಾತ್ರ ಬಿಡತಕ್ಕ ಪ್ರಶ್ನೆಯೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಅದರಲ್ಲಿ ವೈದ್ಯಕ್ಕೆಷ್ಟು ಪಾಲೋ ಧರ್ಮಕ್ಕೂ ಅಷ್ಟೇ ಪಾಲು ಇದೆಯೆಂದು ನನಗೆ ತೋರಿದೆ. ನನ್ನ ಪಿತ್ತಕೋಶವನ್ನೂ ಹೀಗೆಯೇ ತೆಗೆದಿದ್ದಾರಾದ್ದರಿಂದ ನಾಲ್ಕು ಮಾತು ಹೇಳುವ ಅಧಿಕಾರ ನನಗುಂಟೆಂದು ಭಾವಿಸುತ್ತೇನೆ.

ಮೊದಲು ಈ ವಿದ್ಯೆಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಬೇಕು. ಕಲ್ಲು ತುಂಬಿದ ಪಿತ್ತಕೋಶವನ್ನು ಮೊಟ್ಟಮೊದಲು ಕತ್ತರಿಸಿ ತೆಗೆದವರು ಬರ್ಲಿನ್ನಿನ ಕಾರ್ಲ್ ಲಾಂಗೆನ್‌ಬುಖ್. ಅದು 1882ರ ಜುಲೈ ತಿಂಗಳು. ರೋಗಿ ಹದಿನಾರು ವರ್ಷ ನೋವುಂಡವನು. ಆಪರೇಷನ್ ಆದ ಮೇಲೆ ಅವನು ಹಾಸಿಗೆ ಬಿಟ್ಟು ಎದ್ದದ್ದು ಹನ್ನೆರಡನೆಯ ದಿನ, ಆಸ್ಪತ್ರೆ ಬಿಟ್ಟದ್ದು ಆರು ವಾರಗಳ ನಂತರ. ಅಲ್ಲಿಂದ ಮುಂದೆ ನೂರು ವರ್ಷ ಕಾಲ ಪಿತ್ತಕೋಶ ತೆಗೆಯಬೇಕಾದರೆ ಪಕ್ಕೆಲುಬಿನ ಕೆಳಗೆ ಗೇಣುದ್ದ ಸೀಳಬೇಕಾಗಿತ್ತು. 1985ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಬೋಬ್ಲಿಂಗೆನ್ ಎಂಬ ಊರಿನಲ್ಲಿ ಎರಿಕ್ ಮ್ಯೂಹೆ ಎಂಬ ಶಸ್ತ್ರವೈದ್ಯರು ಲ್ಯಾಪರೊಸ್ಕೋಪಿನ ಸಹಾಯದಿಂದ, ಹೊಟ್ಟೆಯನ್ನು ತೆರೆಯದೆ, ಅದನ್ನು ಹೊರಕ್ಕೆ ತೆಗೆದರು. ನಮ್ಮ ದೇಶದಲ್ಲಿ ಇದನ್ನು ಮೊದಲು ಮಾಡಿದವರು ಮುಂಬಯಿಯ ಡಾಕ್ಟರ್ ತೆಹೆಂಟನ್ ಉದ್ವಾಡಿಯಾ, ವರ್ಷ 1990. ಇಂದು ಸಾಧಾರಣ ಜಿಲ್ಲಾ ಕೇಂದ್ರದಲ್ಲಿಯೂ ಇದು ನಡೆಯುತ್ತದೆ. ಬೆಳಗ್ಗೆ ಆಪರೇಷನ್ ಆದವನು ಸಂಜೆಗೆ ಎದ್ದು ನಡೆಯುತ್ತಾನೆ; ಮರುದಿನವೋ ಅದರ ಮರುದಿನವೋ ಮನೆ ಸೇರುತ್ತಾನೆ. ಇದನ್ನು ಉಪಕಾರವೆನ್ನದೆ ಬೇರೇನೆನ್ನೋಣ?

ಇಲ್ಲಿ ಒಂದು ಸ್ವಾರಸ್ಯವಿದೆ. ಮ್ಯೂಹೆ ತಮ್ಮ ಕೆಲಸವನ್ನು 1986ರಲ್ಲಿ ತಮ್ಮ ದೇಶದ ಶಸ್ತ್ರವೈದ್ಯರ ಮುಂದಿಟ್ಟಾಗ ಅವರಿಗೆ ಮನ್ನಣೆ ದೊರೆಯಲಿಲ್ಲ. ಅದು ದೊರೆತದ್ದು 1992ರಲ್ಲಿ. ದೊಡ್ಡ ಸರ್ಜನ್ ಆದವನು ದೊಡ್ಡದಾಗಿಯೇ ಕೊಯ್ಯುತ್ತಾನೆ ಎಂಬ ನಂಬಿಕೆ ಆ ವೃತ್ತಿಯಲ್ಲಿ ಬಹುಕಾಲದಿಂದ ಬೇರೂರಿತ್ತು. ಅಂದರೆ ಗಾಯದ ಉದ್ದದಿಂದ ಕೆಲಸದ ಹಿರಿಮೆಯನ್ನು ಅಳೆಯುವ ಚಾಳಿ ವೈದ್ಯರನ್ನೂ ಬಿಟ್ಟಿರಲಿಲ್ಲ. ಆಗ, ಸಣ್ಣ ಗಾಯವಾದ್ದರಿಂದ ಅದು ವಿದ್ಯೆಯೇ ಅಲ್ಲ ಎಂದರು. ಈಗ, ಸಣ್ಣ ಗಾಯವಾದ್ದರಿಂದ ಅದು ನೋವೇ ಅಲ್ಲ ಎನ್ನುತ್ತಿದ್ದೇವೆ. ತಪ್ಪು ಅದೇ; ಮಗ್ಗುಲು ಬದಲಾಯಿಸಿ ಮಲಗಿದೆ, ಅಷ್ಟೆ.

ಒಳಗೆ ನಡೆಯುವುದೇನೆಂಬುದನ್ನು ತಿಳಿದರೆ ಮಾತು ಸ್ಪಷ್ಟವಾಗುತ್ತದೆ. ರೋಗಿಗೆ ಪೂರ್ಣ ಅರಿವಳಿಕೆ ಕೊಡುತ್ತಾರೆ. ಹೊಕ್ಕುಳಿನ ಬಳಿ ಒಂದು, ಪಕ್ಕೆಲುಬಿನ ಕೆಳಗೆ ಸಾಮಾನ್ಯವಾಗಿ ಮೂರು, ಹೀಗೆ ಅರ್ಧದಿಂದ ಒಂದು ಸೆಂಟಿಮೀಟರಿನಷ್ಟು ಅಗಲದ ನಾಲ್ಕು ರಂಧ್ರಗಳನ್ನು ಮಾಡುತ್ತಾರೆ. ಇಂಗಾಲದ ಡೈಆಕ್ಸೈಡ್ ಅನಿಲವನ್ನು ತುಂಬಿ ಹೊಟ್ಟೆಯನ್ನು ಗುಡಾರದಂತೆ ಉಬ್ಬಿಸುತ್ತಾರೆ. ಒಂದು ರಂಧ್ರದಿಂದ ದೀಪವೂ ಕ್ಯಾಮರವೂ ಇಳಿಯುತ್ತವೆ. ಉಳಿದವುಗಳಿಂದ ಉದ್ದನೆಯ ಚಿಮುಟ ಕತ್ತರಿಗಳು. ಪಿತ್ತಕೋಶದ ನಾಳವನ್ನೂ ಅದಕ್ಕೆ ರಕ್ತ ತರುವ ಧಮನಿಯನ್ನೂ ಕ್ಲಿಪ್ಪು ಹಾಕಿ ಕತ್ತರಿಸುತ್ತಾರೆ. ಆಮೇಲೆ ಯಕೃತ್ತಿಗೆ ಅಂಟಿಕೊಂಡಿರುವ ಪಿತ್ತಕೋಶವನ್ನು ಬಿಡಿಸಿ ಹೊಕ್ಕುಳಿನ ಬಳಿಯದೋ ಪಕ್ಕದ್ದೋ ಒಂದು ರಂಧ್ರದಿಂದ ಹೊರಗೆಳೆಯುತ್ತಾರೆ. ಲಾಂಗೆನ್‌ಬುಖ್ ತೆಗೆದ ಅಂಗ ಯಾವುದೋ ಇಂದು ತೆಗೆಯುವುದೂ ಅದನ್ನೇ. ಅದು ಅಂಟಿಕೊಂಡಿದ್ದ ಜಾಗ ಅಂದು ಎಷ್ಟು ಹಸಿಯಾಗಿ ಉಳಿಯುತ್ತಿತ್ತೋ ಇಂದೂ ಅಷ್ಟೇ ಹಸಿಯಾಗಿ ಉಳಿಯುತ್ತದೆ. ಮನೆಯೊಳಗಿನ ಗೋಡೆಯನ್ನು ಒಡೆದು ತೆಗೆದವನು ಬಾಗಿಲಿನಿಂದ ಬಂದರೇನು, ಕಿಟಕಿಯಿಂದ ಬಂದರೇನು? ಕಿಟಕಿಯಿಂದ ಬಂದುದರಿಂದ ಬಾಗಿಲು ಉಳಿಯಿತೆನ್ನಬಹುದು, ಗೋಡೆ ಉಳಿಯಿತೆನ್ನಲಾಗದು.

ಚೇತರಿಕೆಯ ದಾರಿಯೂ ಸಾಮಾನ್ಯವಾಗಿ ಗೊತ್ತಿರುವಂಥದೇ. ಮೊದಲ ಎರಡು ಮೂರು ದಿನ ರಂಧ್ರಗಳ ಸುತ್ತ ನೋವು. ನಗುವುದೂ ಕೆಮ್ಮುವುದೂ ಆಗ ದೊಡ್ಡ ಕೆಲಸಗಳಾಗುತ್ತವೆ. ಇದಕ್ಕಿಂತ ಬೆರಗು ಹುಟ್ಟಿಸುವುದು ಹೆಗಲಿನ ನೋವು. ಎರಡನೆಯ ದಿನ ನನ್ನ ಬಲ ಹೆಗಲು ಯಾರೋ ಗುದ್ದಲಿಯ ಹಿಡಿಯಿಂದ ಒತ್ತಿದಂತೆ ನೋಯತೊಡಗಿತು. ಕೊಯ್ದದ್ದು ಹೊಟ್ಟೆಯನ್ನು, ನೋಯುವುದು ಹೆಗಲು! ಕಾರಣವನ್ನು ಡಾಕ್ಟರು ಮೊದಲೇ ಹೇಳಿದ್ದರಿಂದ ನಾನು ಹೆದರಲಿಲ್ಲ. ಹೊಟ್ಟೆಗೆ ತುಂಬಿದ ಅನಿಲ ಸ್ವಲ್ಪ ಉಳಿದು ವಪೆಯನ್ನು ಕೆರಳಿಸುತ್ತದೆ. ವಪೆಯ ನರ ಹೊರಡುವುದು ಕುತ್ತಿಗೆಯ ಭಾಗದ ಬೆನ್ನುಹುರಿಯಿಂದ. ಹೆಗಲಿನ ನರಗಳ ಬೇರೂ ಅಲ್ಲಿಯೇ. ಆದುದರಿಂದ ವಪೆಯ ದೂರನ್ನು ಮಿದುಳು ಹೆಗಲಿನ ದೂರೆಂದು ಬರೆದುಕೊಳ್ಳುತ್ತದೆ. ಕೆಲವು ದಿನಗಳಲ್ಲಿ ಅನಿಲ ಹೀರಿಹೋಗುತ್ತದೆ, ನೋವೂ ಹೋಗುತ್ತದೆ. ಅರಿವಳಿಕೆಯ ಮತ್ತು ಆಯಾಸದ ಮಬ್ಬು ಕೆಲವು ದಿನ ಇರುತ್ತದೆ. ಕುಳಿತು ಮಾಡುವ ಕೆಲಸಕ್ಕೆ ಒಂದು ವಾರದಲ್ಲಿ ಹಿಂತಿರುಗುವವರುಂಟು. ಬಹುಮಂದಿಗೆ ಎರಡು ವಾರ ಬೇಕು. ಭಾರ ಎತ್ತುವ ವಿಷಯದಲ್ಲಿ ಇನ್ನೂ ಕೆಲವು ವಾರ ಎಚ್ಚರ ಬೇಕು. ಹಿಂದೆ ಪಿತ್ತರಸ ಕೋಶದಲ್ಲಿ ಕೂಡಿಟ್ಟುಕೊಂಡು ಊಟದ ಹೊತ್ತಿಗೆ ಬರುತ್ತಿತ್ತು. ಈಗ ಯಕೃತ್ತಿನಿಂದ ನೇರವಾಗಿ ಕರುಳಿಗೆ ಇಳಿಯುತ್ತದೆ. ಇದಕ್ಕೆ ಒಗ್ಗುವವರೆಗೆ ಕೆಲವರಿಗೆ ಹೊಟ್ಟೆಯುಬ್ಬರ, ಸಡಿಲವಾದ ಭೇದಿ ಕೆಲವು ವಾರ ಕಾಡುವುದೂ ಉಂಟು.

ಭಾರದ ವಿಷಯವನ್ನು ನಾವು ಉಪೇಕ್ಷೆ ಮಾಡುವುದೇ ಹೆಚ್ಚು. ಹೊರಗಿನ ಚರ್ಮ ವಾರದೊಳಗೆ ಕೂಡಿಕೊಂಡಂತೆ ಕಾಣುತ್ತದೆ. ಆದರೆ ಕೊಯ್ದ ಅಂಗಾಂಶ ಮೂರು ವಾರ ಕಳೆದರೂ ತನ್ನ ಮೊದಲಿನ ಬಲದ ಮೂರರಲ್ಲೊಂದು ಪಾಲನ್ನೂ ಪಡೆದಿರುವುದಿಲ್ಲ. ಮೂರು ತಿಂಗಳ ಹೊತ್ತಿಗೆ ನೂರಕ್ಕೆ ಸುಮಾರು 80ರಷ್ಟು ಬಲ ಬಂದೀತು. ಪೂರ್ಣ ಬಲ ಎಂದೂ ಬರುವುದಿಲ್ಲ. ಹೊಕ್ಕುಳಿನ ಬಳಿಯ ಕೊಂಚ ದೊಡ್ಡ ರಂಧ್ರದಲ್ಲಿ, ಒಳಪದರ ಗಟ್ಟಿಯಾಗುವ ಮೊದಲೇ ಒತ್ತಡ ಬಿದ್ದರೆ, ಅಂಡವಾಯುವಿನಂತೆ ಕರುಳು ಹೊರಕ್ಕೆ ಉಬ್ಬುವ ಸಂಭವವುಂಟು. ಇದು ಎಲ್ಲರಿಗೂ ಆಗುವುದಿಲ್ಲ. ಆಗುವುದು ಕೆಲವರಿಗೆ ಮಾತ್ರ. ಆದರೆ ಚರ್ಮ ಹೇಳುವ ಕಾಲಕ್ಕೂ ಅದರಡಿಯ ಪದರ ಹೇಳುವ ಕಾಲಕ್ಕೂ ವ್ಯತ್ಯಾಸವಿದೆಯೆಂಬುದಕ್ಕೆ ಇಷ್ಟು ಸಾಕು.

ಈ ತಿಳಿವಳಿಕೆ ನಮಗೆ ಪರದೇಶದಿಂದ ಬಂದುದೇನೂ ಅಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದಲ್ಲಿ, ಒಳಗೆ ದೋಷವಿರುವಾಗ ಅವಸರಪಟ್ಟು ಮೇಲೆ ಗಾಯ ಮಾಯಿಸಬಾರದು, ಒಳಗೂ ಹೊರಗೂ ಶುದ್ಧವಾದ ಮೇಲೆಯೇ ಮಾಯಿಸಬೇಕು ಎಂಬ ವಿಧಿಯಿದೆ. ಮಾಯ್ದ ಮೇಲೂ, ಅದು ಸ್ಥಿರವಾಗುವವರೆಗೆ, ಅಜೀರ್ಣ ವ್ಯಾಯಾಮಗಳನ್ನು ಮಾತ್ರವಲ್ಲದೆ ಅತಿಯಾದ ಹರ್ಷ, ಕ್ರೋಧ, ಭಯಗಳನ್ನು ಕೂಡ ದೂರವಿಡಬೇಕೆಂದು ಅದು ಹೇಳುತ್ತದೆ. ಅದೇ ಸ್ಥಾನದ ಹತ್ತೊಂಬತ್ತನೆಯ ಅಧ್ಯಾಯ ಗಾಯಗೊಂಡವನ ಉಪಚಾರಕ್ಕೇ ಮೀಸಲು. ಅವನ ಕೋಣೆ ಹೇಗಿರಬೇಕು, ಹಾಸಿಗೆ ಹೇಗಿರಬೇಕು ಎಂಬುದರ ಜೊತೆಗೆ, ಹಿತವಾದ ಮಾತಾಡುವ ಸ್ನೇಹಿತರು ಬಳಿಯಲ್ಲಿರಬೇಕೆಂಬುದನ್ನೂ ಅಲ್ಲಿ ಹೇಳಿದೆ. ಗಾಯ ಮಾಯುವುದು ಮಾಂಸದ ವ್ಯವಹಾರ ಮಾತ್ರವಲ್ಲ, ಸುತ್ತ ಇರುವವರ ವ್ಯವಹಾರವೂ ಹೌದು ಎಂಬುದು ಆ ಹಳೆಯ ವೈದ್ಯನಿಗೆ ತಿಳಿದಿತ್ತು. ನಾನು ಎತ್ತುತ್ತಿರುವ ಧರ್ಮದ ಪ್ರಶ್ನೆ ಹುಟ್ಟುವುದು ಅಲ್ಲಿಯೇ.

ಆ ಪ್ರಶ್ನೆಯ ಮೊದಲ ಭಾಗ ವೈದ್ಯರ ಮಾತಿಗೆ ಸೇರಿದ್ದು. “ಸಣ್ಣ ಆಪರೇಷನ್, ಎರಡು ದಿನದಲ್ಲಿ ಓಡಾಡುತ್ತೀರಿ” ಎಂದು ಧೈರ್ಯ ಹೇಳುವುದು ದಯೆಯೇ? ಹೆದರಿ ಕುಳಿತ ರೋಗಿಗೆ ಸಮಾಧಾನ ಬೇಕು. ಅದನ್ನು ಕೊಡುವವನನ್ನು ಕಠಿಣವಾಗಿ ತೂಗಬಾರದು. ಓಡಾಡುತ್ತೀರಿ ಎಂಬುದು ಸುಳ್ಳೂ ಅಲ್ಲ. ಆದರೆ ಓಡಾಡುವುದನ್ನು ಗುಣವಾಗುವುದೆಂದು ರೋಗಿ ಕೇಳಿಸಿಕೊಳ್ಳುತ್ತಾನೆ. ಐದನೆಯ ದಿನವೂ ಮಗ್ಗುಲು ಬದಲಾಯಿಸುವಾಗ ನೋವಾದರೆ, ‘ಎಲ್ಲರಿಗೂ ಎರಡೇ ದಿನವಂತೆ, ನನಗೇಕೆ ಹೀಗೆ?’ ಎಂದು ಚಿಂತಿಸುತ್ತಾನೆ. ಒಂದು ರೋಗದ ಜೊತೆಗೆ ಇನ್ನೊಂದು ಅಂಟಿಕೊಂಡಿತು. ಮೊದಲನೆಯದು ಮೈಯದು, ಎರಡನೆಯದು ತನ್ನ ಮೇಲೆ ತನಗೇ ಬಂದ ಅನುಮಾನದ್ದು. ಮೊದಲನೆಯದನ್ನು ಕತ್ತರಿ ತೆಗೆಯುತ್ತದೆ, ಎರಡನೆಯದಕ್ಕೆ ಕತ್ತರಿಯಿಲ್ಲ.

ಇದಕ್ಕೆ ಉತ್ತರ ಹೆದರಿಸುವುದಲ್ಲ. ಆಗಬಹುದಾದ ಕೆಡುಕುಗಳನ್ನೆಲ್ಲ ಪಟ್ಟಿ ಮಾಡಿ ಓದಿ, ಕೆಳಗೆ ರುಜು ಹಾಕಿಸಿಕೊಳ್ಳುವುದು ಸತ್ಯವನ್ನು ಹೇಳಿದಂತಲ್ಲ, ಹೊಣೆಯನ್ನು ಇಳಿಸಿಕೊಂಡಂತೆ. ಬೇಕಾದದ್ದು ದಾರಿಯ ಪರಿಚಯ. ಇಂಥ ದಿನ ಇಂಥ ನೋವು ಬರುತ್ತದೆ, ಬಂದು ಹೋಗುತ್ತದೆ. ದಿನದಿಂದ ದಿನಕ್ಕೆ ಕಡಿಮೆಯಾಗುವ ನೋವು ನಿಮ್ಮ ಕಡೆಯವನು, ದಿನದಿಂದ ದಿನಕ್ಕೆ ಏರುವ ನೋವು ನಿಮ್ಮ ಕಡೆಯವನಲ್ಲ. ಜ್ವರ ಬಂದರೆ, ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ಹೊಟ್ಟೆ ಬಿಗಿದು ಊದಿದರೆ, ಗಾಯ ಕೆಂಪಾಗಿ ಒಸರಿದರೆ ಒಂದು ಗಳಿಗೆಯನ್ನೂ ಕಳೆಯದೆ ಬನ್ನಿ ಎಂದು ಹೇಳಿದರೆ ಸಾಕು. ಹೀಗೆ ಕೇಳಿದವನು ಎರಡು ಕಡೆಯಿಂದ ಕ್ಷೇಮ. ಸಹಜವಾದ ನೋವಿಗೆ ಅವನು ಬೆದರುವುದಿಲ್ಲ. ಅಸಹಜವಾದುದನ್ನು ‘ಸಣ್ಣ ಆಪರೇಷನ್ ತಾನೆ’ ಎಂದು ನುಂಗಿಕೊಂಡು ಮನೆಯಲ್ಲಿ ಕೂರುವುದೂ ಇಲ್ಲ. ಆದುದರಿಂದ ಯಥಾರ್ಥವಾದ ನಿರೀಕ್ಷೆಯೆಂಬುದು ಮನಸ್ಸಿನ ಸಮಾಧಾನಕ್ಕಾಗಿ ಮಾತ್ರ ಬೇಕಾದ ವಸ್ತುವಲ್ಲ, ಪ್ರಾಣರಕ್ಷಣೆಗೂ ಬೇಕಾದದ್ದು.

ಎರಡನೆಯ ಭಾಗ ಹೆಚ್ಚು ಕಷ್ಟದ್ದು, ಅದು ನಮ್ಮ ಮನೆಗಳಿಗೆ ಸೇರಿದ್ದು. ವಾರ ಕಳೆದ ಮೇಲೆ ಗಾಯವನ್ನು ತೋರಿಸಲು ಹೋಗಿ ಆಸ್ಪತ್ರೆಯ ಬೆಂಚಿನ ಮೇಲೆ ಕಾಯುತ್ತಿದ್ದೆ. ನನಗೆ ಆಪರೇಷನ್ ಆದ ಬೆಳಗ್ಗೆಯೇ ಅದೇ ಆಪರೇಷನ್ ಮಾಡಿಸಿಕೊಂಡಿದ್ದ ಹೆಂಗಸೊಬ್ಬರು ಪಕ್ಕದಲ್ಲಿ ಬಂದು ಕುಳಿತರು. ನನ್ನ ಹೆಂಡತಿಯನ್ನು, “ಯಜಮಾನರು ಹೇಗಿದಾರೆ ಅಕ್ಕ?” ಎಂದು ವಿಚಾರಿಸಿದರು.

“ಪರವಾಗಿಲ್ಲ. ಇನ್ನೂ ಮಲಗಿಯೇ ಇರ್ತಾರೆ. ನೀವು ಹೇಗಿದೀರಿ?”

“ನನಗೇನು ಅಕ್ಕ, ನಾಲ್ಕನೇ ದಿನವೇ ಒಲೆ ಮುಂದೆ ನಿಂತೆ.”

“ಅಯ್ಯೋ, ಅಷ್ಟು ಬೇಗ ಯಾಕೆ? ನೋವಿಲ್ಲವಾ?”

ಆಕೆ ನಕ್ಕರು. ನಗುವಾಗ ಕೈ ಹೊಟ್ಟೆಯನ್ನು ಹಿಡಿದುಕೊಂಡಿತು. “ನೋವಿದೆ ಅಂತ ಹೇಳೋದಕ್ಕೆ, ತೋರಿಸೋಕೆ ಗಾಯವಾದರೂ ಎಲ್ಲಿದೆ ಅಕ್ಕ?”

ಆಕೆಯ ಗಂಡ ಕೆಟ್ಟವರೆಂದು ಯಾರೂ ತಿಳಿಯಬಾರದು. ಹೆಂಡತಿಯ ಚೀಲವನ್ನೂ ಎಕ್ಸ್‌ರೇ ಲಕೋಟೆಯನ್ನೂ ಅವರೇ ಹಿಡಿದಿದ್ದರು. ಎಳನೀರು ತರಲೇ ಎಂದು ಎರಡು ಸಲ ಕೇಳಿದರು. “ಒಂದು ವಾರ ಸಾಕು ಅಂದಿದಾರೆ ಡಾಕ್ಟರು” ಎಂದು ನಮಗೂ ಹೇಳಿದರು. ಡಾಕ್ಟರು ಸರಾಸರಿಯಾಗಿ ಹೇಳಿದ ಒಂದು ವಾರ ಅವರ ಕಿವಿಯಲ್ಲಿ ವಾಯಿದೆಯಾಗಿತ್ತು. ಆ ವಾರಕ್ಕೂ ಮೊದಲೇ ಸಂಸಾರ ತನ್ನ ಬಾಕಿ ವಸೂಲಿಗೆ ಬಂದು ನಿಂತಿತ್ತು.

ಒಂದೇ ಬೆಳಗ್ಗೆ, ಒಂದೇ ಕೋಣೆಯಲ್ಲಿ, ಒಂದೇ ಅಂಗವನ್ನು ಕಳೆದುಕೊಂಡವರು ನಾವಿಬ್ಬರು. ನನಗೆ ಎರಡು ವಾರ ಹಾಸಿಗೆಯ ಬಳಿಗೆ ಕಾಫಿ ಬಂತು. ನನ್ನ ನೋವು ಆಕೆಯದಕ್ಕಿಂತ ದೊಡ್ಡದಾಗಿತ್ತೆಂದಲ್ಲ. ಕಾಫಿ ಮಾಡಿಕೊಡುವವರು ನನಗಿದ್ದರು, ಅಷ್ಟೆ. ಆಕೆಯ ಮನೆಯಲ್ಲಿ ಕಾಫಿ ಮಾಡಿಕೊಡುವವರು ಆಕೆಯೇ. ಚೇತರಿಕೆಯ ಕಾಲವನ್ನು ನಿರ್ಣಯಿಸುವುದು ಗಾಯವೆಂದು ವೈದ್ಯಶಾಸ್ತ್ರ ಹೇಳುತ್ತದೆ. ಮನೆಯಲ್ಲಿ ಅದನ್ನು ನಿರ್ಣಯಿಸುವುದು, ಯಾರಿಲ್ಲದಿದ್ದರೆ ಕೆಲಸ ನಿಲ್ಲುತ್ತದೆಂಬ ಲೆಕ್ಕ.

ಆಸ್ಪತ್ರೆಯಿಂದ ಕೊಟ್ಟು ಕಳಿಸುವ ಚೀಟಿಯಲ್ಲಿ ‘ಹಗುರವಾದ ಕೆಲಸ ಮಾಡಬಹುದು, ಭಾರ ಎತ್ತಬಾರದು’ ಎಂದಿರುತ್ತದೆ. ಕಚೇರಿಯಲ್ಲಿ ಕುರ್ಚಿಯ ಮೇಲೆ ಕೂರುವವನಿಗೆ ಇದು ಅರ್ಥವಾಗುತ್ತದೆ. ಮನೆಯ ಹೆಂಗಸಿಗೆ ಹಗುರವಾದ ಕೆಲಸ ಯಾವುದು? ಹದಿನೈದು ಲೀಟರಿನ ಬಕೆಟ್ಟು ತುಂಬಿದರೆ ಹದಿನೈದು ಕಿಲೋ. ಅಡಿಗೆ ಅನಿಲದ ಸಿಲಿಂಡರಿನಲ್ಲಿ ಅನಿಲವೇ 14.2 ಕಿಲೋ, ಕಬ್ಬಿಣವನ್ನೂ ಸೇರಿಸಿದರೆ ಮೂವತ್ತರ ಹತ್ತಿರ. ಹಿಂಡಿದ ಬೆಡ್‌ಷೀಟು, ತುಂಬಿದ ಕುಕ್ಕರು, ಎತ್ತಿಕೋ ಎಂದು ಕೈಚಾಚುವ ಮಗು ಇವಾವುವೂ ಚೀಟಿಯನ್ನು ಓದಿರುವುದಿಲ್ಲ. ಇನ್ನು ಮೂರು ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಸಾರಿಸಿ ಬದುಕುವವಳಿಗೆ, ಒಂದು ದಿನ ಹೋಗದಿದ್ದರೆ ಸಂಬಳ ಹಿಡಿಯುವ ನಮ್ಮಂಥವರೇ ಯಜಮಾನರು. ಅವಳ ಚೇತರಿಕೆಯ ಕಾಲವನ್ನು ನಿರ್ಣಯಿಸುವುದರಲ್ಲಿ ನಮ್ಮ ಕೈಯೂ ಇದೆ.

ಸಣ್ಣ ರಂಧ್ರವೆಂದ ಮಾತ್ರಕ್ಕೆ ಸಣ್ಣ ವಿಷಯವೆಂದು ಭಾವಿಸಿದರೆ ಏನಾಗುತ್ತದೆಂಬುದನ್ನು ದೇಶ ಒಂದು ಸಲ ಕಂಡಿದೆ. ಹೊಕ್ಕುಳಿನ ಬಳಿ ಒಂದು ರಂಧ್ರ ಮಾಡಿ, ನಿಮಿಷಗಳಲ್ಲಿ ಮುಗಿಸುವ ಹೆಣ್ಣುಮಕ್ಕಳ ಸಂತಾನಹರಣ ಚಿಕಿತ್ಸೆಯೂ ಲ್ಯಾಪರೊಸ್ಕೋಪಿನದೇ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಒಂದೇ ದಿನ, ಕೆಲವೇ ಗಂಟೆಗಳಲ್ಲಿ, 83 ಹೆಂಗಸರಿಗೆ ಈ ಚಿಕಿತ್ಸೆ ನಡೆಯಿತು. ಆ ದಿನಗಳಲ್ಲಿ ಅಲ್ಲಿಯ ಶಿಬಿರಗಳಿಗೆ ಬಂದಿದ್ದವರಲ್ಲಿ 13 ಮಂದಿ ಸತ್ತರು. ಶಿಬಿರಗಳ ಪದ್ಧತಿಯನ್ನೇ ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಬೇಕಾಯಿತು. ಆ ಸಾವುಗಳ ಕಾರಣಗಳು ಹಲವು. ಅವನ್ನು ವಿಚಾರಿಸುವ ಸ್ಥಳ ಇದಲ್ಲ. ಆದರೆ ಗೇಣುದ್ದ ಕೊಯ್ಯಬೇಕಾಗಿದ್ದರೆ ಒಂದೇ ದಿನ ಅಷ್ಟು ಮಂದಿಯನ್ನು ಸಾಲಾಗಿ ಮಲಗಿಸುವ ಧೈರ್ಯ ಯಾರಿಗಾದರೂ ಬರುತ್ತಿತ್ತೇ ಎಂದು ಕೇಳಿಕೊಳ್ಳದೆ ಇರಲಾರೆ.

ಈ ವಿಷಯದಲ್ಲಿ ನಮ್ಮ ಕಾಯಿದೆ ಒಮ್ಮೆ ವಿವೇಕವನ್ನು ತೋರಿತೆಂಬುದನ್ನೂ ಹೇಳಬೇಕು. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 1995ರಲ್ಲಿ ಮಾಡಿದ ತಿದ್ದುಪಡಿಯಲ್ಲಿ, ಸಂತಾನಹರಣ ಚಿಕಿತ್ಸೆ ಮಾಡಿಸಿಕೊಂಡ ಕೆಲಸಗಾರ್ತಿಗೆ ಎರಡು ವಾರಗಳ ಸಂಬಳಸಹಿತ ರಜೆ ಕೊಡಬೇಕೆಂದು ಸೇರಿಸಿದರು. ಗಾಯ ಎಷ್ಟು ಉದ್ದವೆಂದು ಕಾಯಿದೆ ಕೇಳಲಿಲ್ಲ. ಒಂದು ಸೆಂಟಿಮೀಟರಿನ ರಂಧ್ರಕ್ಕೂ ಎರಡು ವಾರ ಕೊಟ್ಟಿತು. ಆದರೆ ಆ ರಜೆ ಹಾಜರಿ ಪುಸ್ತಕದಲ್ಲಿ ಹೆಸರಿರುವವರಿಗೆ. ಅಡಿಗೆಮನೆಯಲ್ಲಿ ಹಾಜರಿ ಪುಸ್ತಕವಿಲ್ಲ.

ಕಾಯಿದೆಯಿಲ್ಲದ ಕಡೆ ಹಿಂದೆ ಸಂಪ್ರದಾಯ ಕೆಲಸ ಮಾಡುತ್ತಿತ್ತು. ನಮ್ಮಲ್ಲಿ ಬಾಣಂತನವೆಂಬುದಿದೆ. ಅದರಲ್ಲಿ ಒಳ್ಳೆಯದರ ಜೊತೆಗೆ ಕೆಟ್ಟದ್ದೂ ಇತ್ತು. ಗಾಳಿಯಿಲ್ಲದ ಕೋಣೆ, ಕುಡಿಯುವ ನೀರಿಗೂ ಕಟ್ಟುಪಾಡು ಇವನ್ನು ಯಾರೂ ಮತ್ತೆ ಬಯಸಬೇಕಾಗಿಲ್ಲ. ಆದರೆ ಅದರಲ್ಲಿ ಒಂದು ದೊಡ್ಡ ಗುಣವಿತ್ತು. ಬಾಣಂತಿ ತನಗೆ ನೋವಿದೆಯೆಂದು ರುಜುವಾತು ಕೊಡಬೇಕಾಗಿರಲಿಲ್ಲ. ಇಷ್ಟು ದಿನ ಇವಳದು ಎಂದು ಲೋಕವೇ ಎಣಿಸಿ ಕೊಟ್ಟುಬಿಡುತ್ತಿತ್ತು, ಅವಳು ಬೇಡಬೇಕಾಗಿರಲಿಲ್ಲ. ಬೇಡದೆ ದೊರೆಯುವ ವಿಶ್ರಾಂತಿಯೇ ವಿಶ್ರಾಂತಿ. ಬೇಡಿ ಪಡೆದದ್ದು ಸಾಲದಂತೆ ಎದೆಯ ಮೇಲೆ ಕೂತಿರುತ್ತದೆ. ಕೀಹೋಲ್ ಆಪರೇಷನ್ನಿಗೆ ಇನ್ನೂ ಅಂಥ ಸಂಪ್ರದಾಯ ಹುಟ್ಟಿಲ್ಲ. ಗಾಯ ಕುಗ್ಗಿದಷ್ಟು ಬೇಗ ನಮ್ಮ ಮನಸ್ಸು ಹಿಗ್ಗಲಿಲ್ಲ.

ಇಲ್ಲಿ ಒಂದು ಆಕ್ಷೇಪವನ್ನು ನಿರೀಕ್ಷಿಸಬಹುದು. ಮಲಗಿರುವುದೂ ಕೆಡುಕಲ್ಲವೆ? ಆಪರೇಷನ್ ಆದ ದಿನವೇ ಎದ್ದು ನಡೆಯಿರಿ ಎಂದು ವೈದ್ಯರೇ ಹೇಳುವುದಿಲ್ಲವೆ? ನಿಜ. ಹಾಸಿಗೆಯಲ್ಲೇ ಉಳಿದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವುಂಟು. ಶ್ವಾಸಕೋಶಕ್ಕೂ ಕರುಳಿಗೂ ನಡಿಗೆ ಹಿತ. ಆದರೆ ನಡೆಯುವುದು ಬೇರೆ, ದುಡಿಯುವುದು ಬೇರೆ. ಹಜಾರದಲ್ಲಿ ಹತ್ತು ಹೆಜ್ಜೆ ಹಾಕುವುದು ಮೈಯ ಕೆಲಸ, ಸಾಕೆನಿಸಿದಾಗ ನಿಲ್ಲಿಸಬಹುದು. ಹತ್ತು ಜನಕ್ಕೆ ಚಪಾತಿ ಬೇಯಿಸುವುದು ಮನೆಯ ಕೆಲಸ, ಸಾಕೆನಿಸಿದಾಗ ನಿಲ್ಲಿಸಲಾಗದು. ಗುಣವಾಗುತ್ತಿರುವವರಿಗೆ ಬೇಕಾದದ್ದು ಚಲನೆಯಿಲ್ಲದ ಸ್ಥಿತಿಯಲ್ಲ; ನಿಲ್ಲಿಸುವ ಸ್ವಾತಂತ್ರ್ಯ. ನಡೆದಾಡುತ್ತಿದ್ದಾರಲ್ಲ, ಇನ್ನೇನು ಎಂದು ಹೇಳುವವರು ಈ ಭೇದವನ್ನು ಅಳಿಸಿಬಿಡುತ್ತಾರೆ.

ಇನ್ನೊಂದು ಆಕ್ಷೇಪ ಇನ್ನೂ ಹಳೆಯದು. ಕೇಳಿದವರ ಮಾತನ್ನೆಲ್ಲ ನಂಬಿದರೆ ಸೋಮಾರಿಗಳು ಅದನ್ನೇ ಬಂಡವಾಳ ಮಾಡಿಕೊಳ್ಳುವುದಿಲ್ಲವೆ? ಮಾಡಿಕೊಳ್ಳುವವರೂ ಇದ್ದಾರು. ಆದರೆ ಎರಡು ತಪ್ಪುಗಳನ್ನು ತಕ್ಕಡಿಯಲ್ಲಿಟ್ಟು ತೂಗೋಣ. ನೋವಿಲ್ಲದವನನ್ನು ನಂಬಿದರೆ ನಾಲ್ಕು ದಿನದ ಕೆಲಸ ನಷ್ಟ. ನೋವಿರುವವಳನ್ನು ನಂಬದಿದ್ದರೆ ಆಕೆಯ ಮೈಗೆ ಕೆಡುಕು. ಅದಕ್ಕಿಂತ ಹೆಚ್ಚಾಗಿ, ತನ್ನ ಮಾತಿಗೆ ತನ್ನ ಮನೆಯಲ್ಲಿಯೇ ಬೆಲೆಯಿಲ್ಲವೆಂಬ ತಿಳಿವಳಿಕೆ. ಮೊದಲನೆಯ ನಷ್ಟವನ್ನು ತಿಂಗಳಲ್ಲಿ ತುಂಬಿಕೊಳ್ಳಬಹುದು. ಎರಡನೆಯದನ್ನು ಎಷ್ಟು ವರ್ಷಕ್ಕೆ ತುಂಬಿಕೊಳ್ಳಬಹುದೆಂದು ಹೇಳಬಲ್ಲವರು ಯಾರು?

ರೋಗಿಯ ಪಾಲಿನ ಧರ್ಮವೂ ಒಂದಿದೆ; ಅದನ್ನು ಮರೆಯಬಾರದು. ನಮ್ಮಲ್ಲಿ ಬೇಗ ಎದ್ದುದನ್ನು ಪೌರುಷವೆಂದು ಹೇಳಿಕೊಳ್ಳುವವರುಂಟು. “ನಾನು ಮೂರನೆಯ ದಿನವೇ ಆಫೀಸಿಗೆ ಹೋದೆ ಕಣಯ್ಯಾ” ಎಂಬ ಮಾತನ್ನು ನಾನು ಕನಿಷ್ಠ ಐದು ಬಾಯಿಗಳಿಂದ ಕೇಳಿದ್ದೇನೆ. ಅವರಲ್ಲಿ ಕೆಲವರಿಗೆ ನಿಜವಾಗಿಯೂ ಹಾಗೆ ಆಗಿರಬಹುದು. ಮೈಯಿಂದ ಮೈಗೆ ವ್ಯತ್ಯಾಸವಿದೆ. ಆದರೆ ಹೀಗೆ ಹೇಳಿಕೊಂಡ ಪೌರುಷ ಅಲ್ಲಿಗೇ ನಿಲ್ಲುವುದಿಲ್ಲ. ಅದು ಮುಂದಿನ ರೋಗಿಯ ಬೆನ್ನಿನ ಮೇಲೆ ಚಾಟಿಯಾಗಿ ಬೀಳುತ್ತದೆ. “ಅವರು ಮೂರು ದಿನಕ್ಕೆ ಎದ್ದರಂತೆ, ನಿನಗೇನಾಗಿದೆ?” ಎಂದು ಕೇಳುವವರ ಕೈಗೆ ಆಯುಧ ಕೊಟ್ಟವರು ಈ ಶೂರರೇ. ಎರಡು ವಾರ ಬೇಕಾಯಿತು, ಹೆಗಲು ನೋಯಿತು, ಮಧ್ಯಾಹ್ನದ ಹೊತ್ತಿಗೆ ದಣಿವಾಗುತ್ತಿತ್ತು ಎಂದು ಇದ್ದುದನ್ನು ಇದ್ದಂತೆ ಹೇಳುವುದು ದೌರ್ಬಲ್ಯವಲ್ಲ. ಹಿಂದೆ ಬರುವವರಿಗೆ ದಾರಿಯನ್ನು ಅಗಲ ಮಾಡಿಕೊಟ್ಟಂತೆ. ಈ ಕಾರಣದಿಂದಲೇ ನನ್ನ ಹೆಗಲಿನ ವಿಷಯವನ್ನು ಇಲ್ಲಿ ಬರೆದದ್ದು; ಇಲ್ಲವಾದರೆ ಅದರ ಸಮಾಚಾರ ಯಾರಿಗೆ ಬೇಕು?

ಒಟ್ಟಿನಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೆ. ಶಸ್ತ್ರವೈದ್ಯ ಗಾಯವನ್ನು ಸಣ್ಣದು ಮಾಡಿದ್ದು ರೋಗಿಯ ಮೇಲಣ ಕರುಣೆಯಿಂದ. ಅವನು ಉಳಿಸಿಕೊಟ್ಟ ದಿನಗಳು ರೋಗಿಗೆ ಸೇರಿದವು. ಮನೆಗಾಗಲಿ ಕಚೇರಿಗಾಗಲಿ ಅವು ಲಾಭವಾಗಿ ಬಂದ ಗಂಟಲ್ಲ. ಆರು ವಾರ ಎರಡು ವಾರವಾಯಿತೆಂದು ಸಂತೋಷಪಡೋಣ. ಆ ಎರಡನ್ನೂ ಕಿತ್ತುಕೊಂಡು ನಾಲ್ಕು ದಿನ ಮಾಡಿದರೆ, ವಿಜ್ಞಾನ ಒಂದು ಕೈಯಿಂದ ಕೊಟ್ಟದ್ದನ್ನು ನಾವು ಎರಡು ಕೈಯಿಂದ ಕಸಿದುಕೊಂಡಂತಾಯಿತು.

ಆ ಎರಡು ವಾರ ಕೊಡಲು ಹಣ ಬೇಕಾಗಿಲ್ಲವೆಂದು ಹೇಳಿದರೆ ಅದು ಎಲ್ಲ ಮನೆಗಳಿಗೂ ಸಲ್ಲುವ ಮಾತಾಗದು. ಬಡವರ ಮನೆಯಲ್ಲಿ ದಿನವೆಂದರೆ ಹಣವೇ. ಆದರೆ ಈ ಪತ್ರಿಕೆಯನ್ನು ಓದುವ ಬಹುಪಾಲು ಮನೆಗಳಲ್ಲಿ ಕೊರತೆಯಾಗಿರುವುದು ಹಣವಲ್ಲ. ಬಕೆಟ್ಟನ್ನು ಎತ್ತುವ ಇನ್ನೊಂದು ಜೊತೆ ಕೈ, ಅನ್ನಕ್ಕೆ ನೀರೆಷ್ಟು ಎಂದು ಕೇಳಿ ತಿಳಿದುಕೊಳ್ಳುವ ಒಬ್ಬ ಗಂಡಸು, ಮನೆಗೆಲಸದವಳಿಗೆ ಸಂಬಳ ಹಿಡಿಯದೆ ಕೊಡುವ ಹದಿನೈದು ದಿನ ಇಷ್ಟು ಸಾಕು. ಹೊಟ್ಟೆಯ ಮೇಲಿನ ನಾಲ್ಕು ಕಲೆಗಳು ಕೆಲವು ತಿಂಗಳಿಗೆ ಮಸುಕಾಗುತ್ತವೆ. ಆಮೇಲೆ ಆಪರೇಷನ್ ಆಗಿತ್ತೆಂಬುದಕ್ಕೆ ಉಳಿಯುವ ಗುರುತು, ಆ ದಿನಗಳಲ್ಲಿ ‘ನೋಯುತ್ತಿದೆ’ ಎಂದಾಗ ಯಾರು, ಗಾಯವನ್ನು ತೋರಿಸೆಂದು ಕೇಳದೆ, “ಹೌದಾ? ಹಾಗಾದರೆ ಮಲಗು” ಎಂದರು ಎಂಬ ನೆನಪು ಮಾತ್ರ.